ಬಾನೆಟ್ಟಿನೊಳಗಿನ ಸಿಳ್ಳೆ

"ನಿನ್ನೆ ಹಾಡಿದ್ದು ಇವತ್ತು ಯಾಕೆ ಕಿರುಚಿಕೊಳ್ತು?"

ಗ್ಯಾರೇಜಿನ ಮೇಸ್ತ್ರಿ ಈ ಮಾತನ್ನು ಯಾರನ್ನೂ ಕೇಳಲಿಲ್ಲ. ಸುಟ್ಟ ವಾಸನೆ ಇನ್ನೂ ಶೆಡ್ಡಿನಲ್ಲಿ ತೇಲುತ್ತಿತ್ತು. ಕಾರಿಗೆಂದು ಹೊಲಿದು ಮುಗಿಸಿದ ಕ್ಯಾನ್ವಾಸ್ ಚಾವಣಿಯನ್ನು ಹೆಗಲ ಮೇಲೆ ಹೊತ್ತು ಬಾಗಿಲಲ್ಲಿ ನಿಂತಿದ್ದ ದರ್ಜಿಗೆ ಅದನ್ನು ಕೆಳಗಿಳಿಸಬೇಕೆಂಬುದೂ ತೋಚಲಿಲ್ಲ.

ಚಾವಣಿ ಮಡಚುವ ಆ ಮುದಿ ಕಾರಿನ ಪೆಟ್ರೋಲ್ ಎಂಜಿನ್ ಎಂದೋ ಕೈಕೊಟ್ಟಿತ್ತು. ಅದರ ಜಾಗದಲ್ಲಿ ಟರ್ಬೊ ಡೀಸೆಲ್ ಕೂರಿಸಬೇಕೆಂಬುದು ಮೇಸ್ತ್ರಿಯ ಮಗನ ಹಂಬಲವಾಗಿತ್ತು. ಮಗ ವ್ಯಾನು ಓಡಿಸುತ್ತಿದ್ದ. ಹೋದ ವರ್ಷ ಆ ವ್ಯಾನು ಉರುಳಿ ಅವನು ಹೋಗಿಬಿಟ್ಟ. ಅಂದಿನಿಂದ ಅವನ ತಾಯಿ ಬೀದಿಬಾಗಿಲು ದಾಟಿರಲಿಲ್ಲ. ಅಡುಗೆಮನೆ, ಅದಕ್ಕೆ ಅಂಟಿಕೊಂಡ ಶೆಡ್ಡು, ಅಷ್ಟೇ ಆಕೆಯ ಲೋಕ.

"ಈ ಕಾರು ಓಡ್ಲಿ, ಒಂದೇ ಒಂದ್ಸಲ ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸಮುದ್ರದ ತನಕ ಹೋಗಿ ಬರ್ತೀನಿ. ಮೈಗೆ ಗಾಳಿ ತಾಗಿದ್ರೆ ಮತ್ತೆ ಮನುಷ್ಯಳಾಗ್ತಾಳೆ" ಎಂದು ಮೇಸ್ತ್ರಿ ದರ್ಜಿಯ ಮುಂದೆ ಎಷ್ಟು ಸಲ ಹೇಳಿದ್ದನೋ.

ಆ ಒಂದು ಆಸೆಗೆ ಆತ ಹಗಲೆಲ್ಲ ಬೆವರು ಹರಿಸಿದ್ದ. ಡೀಸೆಲ್ ಎಂಜಿನ್ನಿನ ಭಾರಕ್ಕೆ ಮುಂದಿನ ಸ್ಪ್ರಿಂಗುಗಳನ್ನು ಬದಲಿಸಿದ. ಎಂಜಿನ್ ಕೂರುವ ಕಟ್ಟೆಗಳನ್ನು ಕತ್ತರಿಸಿ ಹೊಸದಾಗಿ ಬೆಸೆದ. ಬಾನೆಟ್ಟು ಮುಚ್ಚಲೊಲ್ಲದೆ ಹೋದಾಗ ಅದಕ್ಕೊಂದು ಗೂನು ಬಡಿದ. ನಿನ್ನೆ ಮಧ್ಯಾಹ್ನ ಕೀಲಿ ತಿರುಗಿಸಿದಾಗ ಎಂಜಿನ್ ಒಂದೇ ಏಟಿಗೆ ಎದ್ದಿತು. ಕಾಲು ಒತ್ತಿದಂತೆ ಎಂಜಿನ್ನಿಗೆ ಗಾಳಿ ಊದುವ ಟರ್ಬೊದಿಂದ ಸಿಳ್ಳೆ ಹೊರಟಿತು. ಒಂದಲ್ಲ, ಎರಡು ಸ್ವರದ ಸಿಳ್ಳೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳಗೆ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು ದರ್ಜಿಗೆ ಕೇಳಿಸಿತ್ತು. ಟೀ ಬರುತ್ತದೆಂದು ಕಾದ. ಬರಲಿಲ್ಲ.

ಈ ಬೆಳಿಗ್ಗೆ ಅದೇ ಎಂಜಿನ್ ಒಮ್ಮೆ ಕಿರುಚಿ ಸತ್ತಿತು.

"ಬಟ್ಟೆ ಒಳಗೆ ಹೋಗಿದೆ ಭಾವ," ಎಂದ ಮೇಸ್ತ್ರಿಯ ಭಾವಮೈದ, ದರ್ಜಿಯ ಕಡೆ ಓರೆಗಣ್ಣು ಬೀರುತ್ತ. "ಈ ಪುಣ್ಯಾತ್ಮ ಹೊಲಿಯೋದಕ್ಕಿಂತ ಚಿಂದಿ ಉದುರಿಸೋದೇ ಜಾಸ್ತಿ."

"ಎಂಜಿನ್ ಗುಜರಿಯಿಂದ ಹೊತ್ಕೊಂಡು ಬಂದವನು ನೀನು. ಮುದುಕನ ಎದೆಗೆ ಇನ್ನೊಬ್ಬ ಮುದುಕನ ಗುಂಡಿಗೆ ಕಟ್ಟಿದ್ರೆ ಇನ್ನೇನಾಗುತ್ತೆ?" ಎಂದು ದರ್ಜಿ ತಿರುಗಿಸಿ ಕೊಟ್ಟ. ಆದರೂ, ನಿಜಕ್ಕೂ ತನ್ನದೇ ಚಿಂದಿಯಾಗಿದ್ದರೆ?

ಅವನು ನೇರವಾಗಿ ಮಹಡಿ ಹತ್ತಿದ. ಅಲ್ಲಿ ಬಾಡಿಗೆಗಿದ್ದ ಸರ್ವೇಯರಮ್ಮ ವಿಮಾ ಕಂಪನಿಗಾಗಿ ಜಖಂಗೊಂಡ ಗಾಡಿಗಳನ್ನು ಪರೀಕ್ಷಿಸುತ್ತ ತಲೆ ಬೆಳ್ಳಗಾಗಿಸಿಕೊಂಡವರು. ಬೀದಿಯಲ್ಲಿ ಏನೇ ಕಳೆಯಲಿ, ಏನೇ ಮುರಿಯಲಿ, ಜನ ಆ ಮೆಟ್ಟಿಲು ಹತ್ತುತ್ತಿದ್ದರು. ಟಾರ್ಚು ಹಿಡಿದು ಅವರ ಹಿಂದೆ ನಡೆಯುವುದು ದರ್ಜಿಯ ಹಳೆಯ ಸೇವೆ.

ಸರ್ವೇಯರಮ್ಮ ಬಾನೆಟ್ಟಿನೊಳಗೆ ಬಗ್ಗಿದರು. ಗಾಳಿ ಎಳೆದುಕೊಳ್ಳುವ ರಬ್ಬರ್ ಕೊಳವೆಯನ್ನು ಬಿಚ್ಚಿಸಿ ಇಕ್ಕಳದಿಂದ ಎಳೆದಾಗ, ಮಸಿ ಹಿಡಿದ ನೀಲಿ ಉಣ್ಣೆ ಬಂತು. ಟರ್ಬೊದೊಳಗೆ ತಿರುಗುವ ರೆಕ್ಕೆಗಳು ಚೂರುಚೂರಾಗಿದ್ದವು.

"ಇದು ಕ್ಯಾನ್ವಾಸಲ್ಲ. ಉಸಿರು ಬಿಡು ತಮ್ಮ," ಎಂದರು. "ಟಾರ್ಚು ಇಲ್ಲಿ ಹಿಡಿ. ಏನು ಕಾಣುತ್ತೆ?"

ಕೊಳವೆಯನ್ನು ಬಿಗಿದಿದ್ದ ಕ್ಲಿಪ್ಪಿನ ತಿರುಪಿನ ಸೀಳಿನಲ್ಲಿ ಹೊಳೆಯುವ ಹೊಸ ಗೀರುಗಳಿದ್ದವು. ಸುತ್ತಲೂ ಎಣ್ಣೆ, ಧೂಳು; ಆ ಕ್ಲಿಪ್ಪಿನ ಆಸುಪಾಸು ಮಾತ್ರ ಅಂಗೈಯಗಲ ಒರೆಸಿಟ್ಟಂತೆ ಸ್ವಚ್ಛವಾಗಿತ್ತು.

"ಈ ಎಂಜಿನ್ ಯಾವ ಗಾಡಿದು?" ಅವರು ಭಾವಮೈದನನ್ನು ಕೇಳಿದರು.

"ದೂರದ ಗುಜರಿದು. ಯಾವ ಗಾಡಿದೋ, ಯಾರಿಗೆ ಗೊತ್ತು?" ಎಂದ ಅವನು ನೆಲ ನೋಡುತ್ತ.

ಸರ್ವೇಯರಮ್ಮ ಎಂಜಿನ್ನಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದರು. ಹೊಸ ಕಪ್ಪು ಬಣ್ಣದ ಅಡಿಯಿಂದ ಹಳದಿ ಇಣುಕಿತು. ಅವರ ಮುಖ ಬಾಡಿದ್ದನ್ನು ದರ್ಜಿಯೊಬ್ಬನೇ ಕಂಡ.

ಆಮೇಲೆ ಅವರಿಬ್ಬರೂ ಅಡುಗೆಮನೆಯಲ್ಲಿ ಮೇಸ್ತ್ರಿಯ ಹೆಂಡತಿ ಕೊಟ್ಟ ಟೀ ಕುಡಿದರು. ಹೊರಗೆ ಗಾಳಿ ಎದ್ದಿತ್ತು. ಕಿಟಕಿಯ ಸಂದಿ ಸುಂಯ್ ಎಂದು ಸಿಳ್ಳೆ ಹಾಕಿತು.

"ಇದೇನು ಅತ್ತಿಗೆ, ಕಿಟಕಿ ಮತ್ತೆ ಶುರು ಮಾಡ್ತು? ಇಷ್ಟು ದಿನ ತೆಪ್ಪಗಿತ್ತಲ್ಲ!" ಎಂದು ದರ್ಜಿ ಆಕೆಯನ್ನು ಕೇಳಿದ.

ಅತ್ತಿಗೆ ಸಕ್ಕರೆ ಡಬ್ಬಿಯ ಬಾಯಿಯನ್ನು ಸೆರಗಿನಿಂದ ಒರೆಸಿ ಮುಚ್ಚಳ ಹಾಕಿದಳು. ಸರ್ವೇಯರಮ್ಮ ಲೋಟ ಕೆಳಗಿಟ್ಟು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದರು.

"ಗೊತ್ತಾಯ್ತಾ?" ಎಂದು ದರ್ಜಿ ಮೆಟ್ಟಿಲಲ್ಲಿ ಪಿಸುಗುಟ್ಟಿದ.

"ಗೊತ್ತು ಮಾಡ್ಕೊಳ್ಳೋದು ದೊಡ್ಡದಲ್ಲ ತಮ್ಮ. ಗೊತ್ತಾಗಿದ್ದನ್ನ ಹೇಳೋಕೆ ನಾಲಿಗೆ ಏಳಬೇಕಲ್ಲ."

ಮಧ್ಯಾಹ್ನ ಎಲ್ಲರನ್ನೂ ಕಾರಿನ ಸುತ್ತ ಕರೆಸಿದರು. ಅತ್ತಿಗೆ ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಇದು ಗ್ಯಾರೇಜಿನವರ ಕೈಯಲ್ಲ," ಸರ್ವೇಯರಮ್ಮ ಶುರು ಮಾಡಿದರು. "ನೀವೆಲ್ಲ ಕ್ಲಿಪ್ಪಿಗೆ ಸ್ಪ್ಯಾನರ್ ಹಾಕ್ತೀರಿ. ಇದನ್ನ ತಿರುಗಿಸಿದ್ದು ತೆಳ್ಳಗಿನ ಚಾಕುವಿನ ತುದಿ. ಇನ್ನು, ಹಾಳು ಮಾಡೋಕೆ ಬಂದವರು ಕೊಳವೆಯನ್ನ ಮತ್ತೆ ಬಿಗಿದು, ಒರೆಸಿಟ್ಟು ಹೋಗಲ್ಲ. ಬಾಯಿ ಒರೆಸಿ ಮುಚ್ಚೋದು ಅಡುಗೆಮನೆಯ ಅಭ್ಯಾಸ. ಚಳಿಗಾಲದಿಂದ ಸುಮ್ಮನಿದ್ದ ಕಿಟಕಿ ಇವತ್ತು ಸಿಳ್ಳೆ ಹಾಕ್ತಿದೆ. ಸಂದಿಯಲ್ಲಿದ್ದ ಉಣ್ಣೆ ಎಲ್ಲಿ ಹೋಯ್ತು?"

ದರ್ಜಿ ಟಾರ್ಚನ್ನು ಇಕ್ಕಳದಿಂದ ಎಳೆದಿಟ್ಟಿದ್ದ ಚಿಂದಿಯತ್ತ ತಿರುಗಿಸಿದ. ನೀಲಿ ಉಣ್ಣೆ! ಹುಡುಗನ ಹರಿದ ಸ್ವೆಟರನ್ನು ಬಿಚ್ಚಿ ಅತ್ತಿಗೆ ಆ ಸಂದಿಗೆ ತುರುಕುವಾಗ ತಾನೇ ಕತ್ತರಿ ಕೊಟ್ಟಿದ್ದ.

"ಅಕ್ಕಾ, ನೀನಾ?" ಭಾವಮೈದ ಒಳಬಾಗಿಲತ್ತ ತಿರುಗಿದ. "ಯಾಕೆ?"

"ಯಾಕೆ ಅಂತ ನಿನಗೆ ಗೊತ್ತಿಲ್ವಾ?" ಸರ್ವೇಯರಮ್ಮ ಅವನತ್ತ ತಿರುಗಿದರು. "ನಾನು ಪರೀಕ್ಷಿಸಿದ ಎಂಜಿನ್ನನ್ನ ಯಾರೂ ಬದಲಾಯಿಸಬಾರದು ಅಂತ ಹಳದಿ ಗುರುತು ಹಾಕ್ತಿದ್ದೆ. ಕೊನೇ ಗುರುತು ಹಾಕಿದ್ದು ಈ ಮನೆಯ ಹುಡುಗನ ವ್ಯಾನಿಗೆ. ಅದೇ ಎಂಜಿನ್ ಇದು. ಅದರ ಟರ್ಬೊದ ಒಂದು ರೆಕ್ಕೆಯ ತುದಿ ಮುಕ್ಕಾಗಿತ್ತು. ಎರಡು ಸ್ವರದ ಸಿಳ್ಳೆ ಬರ್ತಿದ್ದದ್ದು ಅದಕ್ಕೆ. ಇವನು ಸುಳ್ಳು ಹೇಳಿದ. ಆದ್ರೆ ಮಗನ ಎಂಜಿನ್ ಅಂತ ಗೊತ್ತಿದ್ದೇ ಹೇಳಿಸಿದ್ದು ನೀವೇ ಅಲ್ವಾ ಮೇಸ್ತ್ರಿ?"

ಮೇಸ್ತ್ರಿ ಕಣ್ಣು ತಪ್ಪಿಸದೆ ತಲೆಯಾಡಿಸಿದ.

ಅತ್ತಿಗೆಯೇ ಬಾಯಿ ತೆರೆದಳು. "ಆ ಸಿಳ್ಳೆ ರಿಪೇರಿ ಮಾಡಿಸೋ ಅಂದ್ರೆ ನನ್ನ ಮಗ, ಬೇಡಮ್ಮ, ಬೀದಿ ತಿರುವಿನಲ್ಲಿ ಇದು ಕೇಳಿದ್ರೆ ನೀನು ಒಲೆ ಹಚ್ತೀಯಲ್ಲ ಅಂತಿದ್ದ. ನನ್ನ ಕೈ ಹಿಡಿದು ಈ ಕೊಳವೆ ಮೇಲಿಟ್ಟು, ಇಲ್ಲಿಂದಾನೇ ಉಸಿರು ಎಳ್ಕೊಳ್ಳೋದು ಅಂತ ತೋರಿಸಿದ್ದ. ನಿನ್ನೆ ಆ ಸಿಳ್ಳೆ ಕೇಳಿ ಪಾತ್ರೆ ಇಟ್ಟೆ. ಗೊತ್ತಿಲ್ಲದೇನೇ ಇಟ್ಟೆ. ನೀರು ಕುದೀತು, ಆರಿತು. ಯಾರೂ ಬರಲಿಲ್ಲ."

ಸೆರಗಿನ ತುದಿಯಿಂದ ಬಾಗಿಲ ಚೌಕಟ್ಟನ್ನು ಒರೆಸಿದಳು.

"ಮುರೀಬೇಕು ಅಂತಿರಲಿಲ್ಲ. ಕಿಟಕಿ ಬಾಯಿ ಮುಚ್ಚಿಸಿದ ಹಾಗೆ ಇದರ ಬಾಯಿ ಮುಚ್ಚಿಸೋಣ ಅಂದ್ಕೊಂಡೆ, ಅಷ್ಟೇ."

"ನನಗೊಂದು ಮಾತು ಹೇಳಬಾರದಿತ್ತಾ?" ಎಂದ ಮೇಸ್ತ್ರಿ.

"ನೀವು ಹೇಳಿದ್ರಾ?"

ದರ್ಜಿಗೆ ಆಗ ಹೊಳೆಯಿತು. ಸಮುದ್ರ, ಗಾಳಿ, ಹೆಂಡತಿ, ಎಲ್ಲವೂ ನಿಜವೇ. ಆದರೆ ಅವೆಲ್ಲದರ ಅಡಿಯಲ್ಲಿ, ಕಪ್ಪು ಬಣ್ಣದಡಿಯ ಹಳದಿಯಂತೆ, ತಿರುವಿನಲ್ಲಿ ಮಗ ಬರುವ ಸದ್ದನ್ನು ಇನ್ನೊಮ್ಮೆ ಕೇಳಬೇಕೆಂಬ ಅಪ್ಪನ ಹಸಿವೂ ಇತ್ತು. ಹೊಸ ಟರ್ಬೊ ಹಾಕಬಹುದು. ಮುಕ್ಕಾದ ಆ ರೆಕ್ಕೆಯನ್ನು ತರುವವರು ಯಾರು?

ಅತ್ತಿಗೆ ಹೊಸ್ತಿಲಿಳಿದು ಬಂದು ಕಾರಿನ ಬಾಗಿಲ ಮೇಲೆ ಕೈಯಿಟ್ಟಳು.

"ಇದನ್ನ ಬಿಚ್ಚಿ ತೆಗೀರಿ. ಬೇರೆ ಯಾವುದಾದ್ರೂ ಎಂಜಿನ್ ಹಾಕಿ. ಪಕ್ಕದಲ್ಲಿ ಕೂತ್ಕೊಳ್ತೀನಿ. ಸಮುದ್ರಕ್ಕಾದ್ರೂ ಸರಿ, ಎಲ್ಲಿಗೆ ಕರೆದ್ರೂ ಬರ್ತೀನಿ. ಇದೊಂದನ್ನ ನಡೆಸಿಕೊಡಿ."

ಇಡೀ ವರ್ಷ ಮೇಸ್ತ್ರಿ ಕಾದದ್ದು ಆ ಮಾತಿಗೇ. ಮೇಸ್ತ್ರಿ ಎರಡೂ ಅಂಗೈಗಳನ್ನು ತಣ್ಣಗಾದ ಎಂಜಿನ್ನಿನ ಮೇಲೆ ಊರಿದ, ಜ್ವರ ಬಿಟ್ಟ ಮಗುವಿನ ಎದೆಯ ಮೇಲೆ ಇಡುವಂತೆ.

"ಇಲ್ಲ," ಎಂದ. "ತೆಗೆಯಲ್ಲ."