ನೀರು ಬಿಡುವವರ ವಿಡಿಯೋ

"ವಿಡಿಯೋ ಮಾಡ್ತಿದ್ದೀರಾ? ಮಾಡಿ, ಮಾಡಿ! ನೀರು ಬರ್ಲಿಲ್ಲ ಅಂದ್ರೆ ಎಲ್ರಿಗೂ ನಾನೊಬ್ನೇ ಸಿಗೋದು!"

ವಾಲ್ವ್ ಗುಂಡಿಯೊಳಗಿಂದ ಮೇಲೆದ್ದ, ಊರಿಗೆ ನೀರು ಬಿಡುವವನ ಮುಖದಲ್ಲಿ ಅರ್ಧ ಕೆಸರು, ಅರ್ಧ ಸಿಟ್ಟು. ನಾಲ್ಕನೇ ಕ್ಲಾಸಿನ ಸಮಾಜ ಮಿಸ್ ಫೋನನ್ನು ಥಟ್ಟನೆ ಇಳಿಸಿದಳು.

"ಅಯ್ಯೋ, ದೂರು ಕೊಡೋಕಲ್ಲ ರೀ, ಪಾಠಕ್ಕೆ! 'ನಮ್ಮ ನೀರು ಎಲ್ಲಿಂದ ಬರುತ್ತೆ' ಅಂತ ಒಂದು ಪಾಠ ಇದೆ. ಪುಸ್ತಕದಲ್ಲಿ ಒಂದು ನಲ್ಲಿ ಚಿತ್ರ ಬಿಟ್ರೆ ಏನೂ ಇಲ್ಲ."

"ಪಾಠಕ್ಕಾ?" ಅವನ ಸಿಟ್ಟು ಜರ್ರನೆ ಇಳಿಯಿತು. ಮುಖ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಕೆಸರು ಬಳಿದುಕೊಂಡ. "ಹಾಗಿದ್ರೆ ಒಂದ್ನಿಮಿಷ ಇರಿ, ಮುಖ ತೊಳ್ಕೊಂಡು ಬರ್ತೀನಿ."

"ಬೇಡ, ಹೀಗೇ ಚೆನ್ನಾಗಿದೆ," ಅಂದುಬಿಟ್ಟಳು ಮಿಸ್. ಅಂದ ಮೇಲೆ ಅವಳ ಕಿವಿ ಬಿಸಿಯಾಯಿತು.

ಆ ವಿಡಿಯೋ ನೋಡಿದ ಮಕ್ಕಳು ಅವನಿಗೆ ನೀರಣ್ಣ ಎಂದು ಹೆಸರಿಟ್ಟರು. ಮಿಸ್ ಮಾತ್ರ ಅಪ್ಪಿತಪ್ಪಿಯೂ ಅವನನ್ನು 'ಅಣ್ಣ' ಎನ್ನಲಿಲ್ಲ. ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವನ ಕಣ್ಣಿಗೆ ಬಿದ್ದಿತ್ತು.

ಮಿಸ್ ವಿಡಿಯೋ ತೋರಿಸುವ ರೀತಿಯೇ ಬೇರೆ. ಹಾಕಿ ಕೈಕಟ್ಟಿ ಕೂರುವವಳಲ್ಲ. ನಡುನಡುವೆ ತಟ್ಟನೆ ನಿಲ್ಲಿಸಿ, "ಮುಂದೇನು?" ಎನ್ನುತ್ತಾಳೆ. ಮಕ್ಕಳು ಕೈ ಎತ್ತಿ ಊಹಿಸಬೇಕು, ಆಮೇಲೇ ಮುಂದಿನದು. ಹೆಡ್ ಮಿಸ್ ಮೊದಮೊದಲು "ಸಿನಿಮಾ ಕ್ಲಾಸು" ಎಂದು ಮೂಗು ಮುರಿದಿದ್ದರು. ವರ್ಷವೆಲ್ಲಾ ತುಟಿ ಎರಡು ಮಾಡದ ಕೊನೇ ಬೆಂಚಿನ ಪುಟ್ಟಿ, "ಟ್ಯಾಂಕು ಮೇಲಿದ್ರೆ ನೀರು ತಾನಾಗೇ ಇಳಿಯುತ್ತೆ, ತಳ್ಳೋದೇ ಬೇಡ" ಎಂದಿದ್ದನ್ನು ಕೇಳಿದ ಮೇಲೆ ಅವರೂ ಸುಮ್ಮನಾದರು.

ಪಾಠಕ್ಕೆ ಬೇಕಾದದ್ದು ಐದು ನಿಮಿಷದ ವಿಡಿಯೋ. ಮಿಸ್ ಫೋನಿನಲ್ಲಿ ಸೇರಿದ್ದು ಎರಡು ಗಂಟೆಯದು. ಟ್ಯಾಂಕನ್ನೇ ಮೂರು ಸಲ ತೆಗೆದಳು.

"ಮೊನ್ನೆ ಬೆಳಕು ಸರಿ ಇರ್ಲಿಲ್ಲ," ಎಂದಳು ಮೂರನೇ ಸಲ.

"ಹೌದೌದು," ಎಂದ ಅವನು, ನಗು ಬಾಯೊಳಗೇ ಹಿಡಿದು. "ಟ್ಯಾಂಕು ದಿನಾ ಒಂದೊಂಥರಾ ಕಾಣುತ್ತೆ."

ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಅವಳು ಫೋನ್ ಹಿಡಿದಳು. "ನಿಮ್ಮ ಕೆಲಸ ಏನು ಅಂತ ಮಕ್ಕಳಿಗೆ ಒಂದೇ ಮಾತಲ್ಲಿ ಹೇಳಿ."

"ಬಿಡೋದು," ಎಂದ. "ಬೆಳಗ್ಗೆ ಈ ಬೀದಿಗೆ, ಮಧ್ಯಾಹ್ನ ಆ ಬೀದಿಗೆ. ಬಿಡೋದೇ ಕೆಲಸ."

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಫೋನ್ ಆರಿಸಿ ಮಡಿಲಲ್ಲಿಟ್ಟುಕೊಂಡಳು.

"ಬಿಡೋರು ನನಗೇನು ಹೊಸಬರಲ್ಲ. ಮದುವೆಗೆ ಮೂರು ವಾರ ಇದೆ ಅನ್ನೋವಾಗ ಒಬ್ಬರು ಕೈ ಬಿಟ್ರು. ಒಂದು ಮೆಸೇಜು, ಅಷ್ಟೇ. ಇಷ್ಟಪಟ್ಟು ಮೊದಲು ಕೇಳಿದ್ದೂ ನಾನೇ. ಅದಕ್ಕೇ ಇನ್ಮೇಲೆ ನಾನಾಗಿ ಯಾರ ಮುಂದೇನೂ ಬಾಯಿ ಬಿಡಲ್ಲ ಅಂತ ತೀರ್ಮಾನ ಮಾಡಿದ್ದೀನಿ."

ಅವನು ಕೈಯಲ್ಲಿದ್ದ ವಾಲ್ವ್ ತಿರುಗಿಸುವ ಕೀಲಿಯನ್ನು ಮೆಟ್ಟಿಲ ಮೇಲಿಟ್ಟ. ಆದರೆ ಹೇಳಿದ್ದು ಬೇರೆಯೇ ಮಾತು.

"ಒಂದನೇ ತಾರೀಕಿಂದ ನನಗೆ ಅಣೆಕಟ್ಟಿಗೆ ವರ್ಗ. ಬಸ್ಸಲ್ಲಿ ನಾಲ್ಕು ಗಂಟೆ ದಾರಿ."

"ಓ, ಒಳ್ಳೇದಾಯ್ತು," ಎಂದಳು. ಒಳ್ಳೆಯದೇನು ಬಂತು, ಮಣ್ಣು! ಅವನು ಹೇಳದೇ ಹೋದರೆ ಹೋದ, ಅಷ್ಟೇ. ತಾನಂತೂ ಕೇಳುವವಳಲ್ಲ. ಹಿಂದಿರುಗಿ ನೋಡದೆ ದಡದಡನೆ ಮೆಟ್ಟಿಲಿಳಿದಳು.

ತಿಂಗಳ ಕೊನೆಯ ಶುಕ್ರವಾರ. ಮಕ್ಕಳು ನೀರಣ್ಣನಿಗೆ ಪ್ರಶ್ನೆ ಬರೆದುಕೊಟ್ಟಿದ್ದರು. ಅವನು ಉತ್ತರಗಳನ್ನು ವಿಡಿಯೋ ಮಾಡಿ ಕಳಿಸಬೇಕಿತ್ತು. ಅದು ಬಂದದ್ದು ಕ್ಲಾಸು ಶುರುವಾಗುವ ಬೆಲ್ ಹೊಡೆಯುವಾಗ. ತಾನು ಮೊದಲು ನೋಡದೆ ಮಕ್ಕಳಿಗೆ ಏನನ್ನೂ ತೋರಿಸಬಾರದು ಎಂಬ ತನ್ನದೇ ನಿಯಮವನ್ನು ಮಿಸ್ ಅವತ್ತೊಂದು ದಿನ ಮುರಿದಳು. ಅವಸರದಲ್ಲಿ ವಿಡಿಯೋದ ಕೆಳಗಿದ್ದ ಸಾಲನ್ನೂ ಓದಲಿಲ್ಲ: 'ಮೊದಲು ನೀವೊಬ್ಬರೇ ನೋಡಿ.'

ಪ್ರೊಜೆಕ್ಟರ್ ಹಾಕಿದೊಡನೆ ಕ್ಲಾಸಿನ ಗೋಡೆಯ ಮೇಲೆ ಅವನ ಮುಖ ಮೂಡಿತು. ಇವತ್ತು ತೊಳೆದ ಮುಖ, ತಲೆಯನ್ನೂ ಬಾಚಿದ್ದ. ಪೈಪಿನೊಳಗೆ ಮೀನು ಬರುತ್ತಾ, ರಜಾ ದಿನ ನೀರಿಗೂ ರಜಾನಾ, ಎಲ್ಲಕ್ಕೂ ಉತ್ತರ ಕೊಟ್ಟ. ಕೊನೆಯದು ಪುಟ್ಟಿಯ ಪ್ರಶ್ನೆ.

"'ನೀವು ಯಾವಾಗ್ಲೂ ಬಿಡ್ತಾನೇ ಇರ್ತೀರಲ್ಲ, ಬಿಡದೇ ಇಟ್ಕೊಳ್ಳೋದು ಏನಾದ್ರೂ ಇದೆಯಾ?'" ಅವನು ಚೀಟಿ ಮಡಚಿದ. "ಇದೆ ಪುಟ್ಟಿ. ಮಿಸ್, ಇಲ್ಲಿಂದ ಮುಂದಿನದು ಕತ್ತರಿಸಿಬಿಡಿ, ಮಕ್ಕಳಿಗೆ ಬೇಡ. ಅವತ್ತು ಮೆಟ್ಟಿಲ ಮೇಲೇ ಹೇಳ್ಬೇಕಿತ್ತು, ಧೈರ್ಯ ಸಾಲ್ಲಿಲ್ಲ. ಬಿಡೋದು ನನ್ನ ಕೆಲಸ, ನಿಜ. ಆದ್ರೆ ನಿಮ್ಮನ್ನ ನಾನು..."

ಮಿಸ್ ಓಡಿಹೋಗಿ ನಿಲ್ಲಿಸಿದಳು.

ನಿಲ್ಲಿಸಿದರೆ ಊಹಿಸಬೇಕು, ಮಕ್ಕಳಿಗೆ ಅವಳೇ ಕಲಿಸಿದ ಪಾಠ. ನಲವತ್ತು ಕೈಗಳು ಮೇಲೆದ್ದವು.

"ಮಿಸ್ ನಾನು! ಮಿಸ್ ನಾನು ಹೇಳ್ತೀನಿ!"

ಯಾರಿಗೂ ಕಾಯದೆ ಪುಟ್ಟಿ ಬೆಂಚಿನ ಮೇಲೇ ಎದ್ದು ನಿಂತಳು. "ಬಿಡಲ್ಲ!"

"ಬಿಡಲ್ಲ!" ಎಂದಿತು ಇಡೀ ಕ್ಲಾಸು. "ನಿಮ್ಮನ್ನ ನಾನು ಬಿಡಲ್ಲ!"

ಬಾಗಿಲಲ್ಲಿ ಹೆಡ್ ಮಿಸ್ ಇಣುಕಿದರು. "ಏನಮ್ಮಾ ಇದು ಗಲಾಟೆ?"

"ಸಮಾಜ ಪಾಠ, ಮೇಡಂ," ಎಂದಳು ಮಿಸ್, ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ.

ಸಂಜೆ ಅವನು ಅದೇ ಗುಂಡಿಯಲ್ಲಿದ್ದ. ಅವಳ ಚಪ್ಪಲಿ ಕಂಡು ತಲೆ ಎತ್ತಿದ.

"ನೋಡಿದ್ರಾ?"

"ಪೂರ್ತಿ ನೋಡಿಲ್ಲ. ಮಧ್ಯದಲ್ಲೇ ನಿಲ್ಲಿಸ್ದೆ. ಮುಂದಿನದು ಮಕ್ಕಳು ಊಹಿಸಿದ್ರು."

"ಮಕ್ಕಳು ನೋಡಿದ್ರಾ!" ಕೀಲಿ ಠಣ್ಣನೆ ಪೈಪಿನ ಮೇಲೆ ಬಿತ್ತು. "ನನ್ನ ಮಾನ ಹೋಯ್ತು! ಏನಂದ್ರು?"

"ಬಿಡಲ್ಲ ಅಂದ್ರು. ಉತ್ತರ ಸರಿನಾ?"

ಅವನು ಅವಳನ್ನೇ ನೋಡಿದ. "ನೂರಕ್ಕೆ ನೂರು. ಆದ್ರೆ ಮಿಸ್, ನಾಲ್ಕು ಗಂಟೆ ದಾರಿ..."

"ಅಲ್ಲಿಂದ್ಲೇ ತಾನೇ ದಿನಾ ನಮ್ಮನೆ ನಲ್ಲಿಗೆ ನೀರು ಬರೋದು? ನೀರು ಬರೋ ದಾರೀಲಿ ನೀವು ಬರೋಕಾಗಲ್ವಾ? ಬನ್ನಿ ಮೇಲೆ," ಎಂದು ಬಗ್ಗಿ ಕೈ ಚಾಚಿದಳು.

ಅವನು ಹಿಡಿದುಕೊಂಡು ಮೇಲೆ ಬಂದ. ಆಮೇಲೆ ನೋಡಿದರೆ ಅವಳ ಬೆರಳುಗಳೆಲ್ಲಾ ಕೆಸರು.

"ಅಯ್ಯೋ, ಕೈ ಕೊಳೆ ಆಯ್ತಲ್ಲ!"

"ಇರ್ಲಿ ಬಿಡಿ," ಎಂದಳು.

ಅವನು ಬಿಡಲಿಲ್ಲ.