ಸೊರೋಕಾ ಶಾಖೆಯ ಅರವತ್ತೆರಡು ರಸೀದಿಗಳು

೨೦೧೪ರ ನವೆಂಬರ್ ೨೪, ಸೋಮವಾರ ಬೆಳಿಗ್ಗೆ ೯.೨೦ಕ್ಕೆ ಸೊರೋಕಾ ಠಾಣೆಗೆ ದೂರು ಬಂತು. ಸಾಲ್ಚಿಯಾ ಬ್ಯಾಂಕಿನ ತಿಜೋರಿಯಿಂದ ಆ ದೇಶದ ನಾಣ್ಯದಲ್ಲಿ ಒಂಬತ್ತು ಲಕ್ಷ ನಲವತ್ತು ಸಾವಿರ ಲೇ ಕಾಣೆಯಾಗಿತ್ತು. ಇನ್‌ಸ್ಪೆಕ್ಟರ್ ಸೆವೆರಿನ್ ರೋಟಾರು ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಪಾವೆಲ್‌ನೊಡನೆ ಬ್ಯಾಂಕಿಗೆ ಹೋದ.

ಬೀಗ ಮುರಿದಿರಲಿಲ್ಲ.

"ಶುಕ್ರವಾರ ಕೊನೆಗೆ ಬೀಗ ಹಾಕಿದ್ದು ಯಾರು?"

"ಕ್ಯಾಷಿಯರ್ ಅಗ್ರಿಪಿನಾ," ಎಂದ ವ್ಯವಸ್ಥಾಪಕ ಯೂಸ್ಟಿನ್. "ಇವತ್ತು ಬಂದಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಲೇ ಹೆಚ್ಚುಕಮ್ಮಿ ಮಾಡಿದೋಳಲ್ಲ ಸಾಹೇಬ್ರೆ."

ತಿಜೋರಿಯೊಳಗೆ ಅರವತ್ತೆರಡು ರಸೀದಿಗಳಿದ್ದವು. ಎಲ್ಲದರಲ್ಲೂ ಊರಿನ ಮುದುಕರ ಸಹಿ. ಮೊದಲ ವಿಳಾಸ ವೆರೊನಿಯಾಳದು. ಅವರು ಹೋದಾಗ ಆಕೆ ಒಲೆಯ ಮೇಲೆ ಜೋಳದ ಹಿಟ್ಟು ತಿರುವುತ್ತಿದ್ದಳು.

"ಶನಿವಾರ ಅಗ್ರಿಪಿನಾ ಮನೆಬಾಗಿಲಿಗೇ ತಂದ್ಕೊಟ್ಲು, ಬ್ಯಾಂಕಲ್ಲಿ ಇರೋದು ಬೇಡ ಅಂದ್ಲು. ನನ್ನದೇ ದುಡ್ಡು ಕಣಪ್ಪಾ, ಕಣ್ಣಿನ ಆಪರೇಷನ್‌ಗೆ ಇಟ್ಟಿದ್ದು."

ರೋಟಾರು ಬ್ಯಾಂಕಿಗೆ ಮರಳಿದ. "ಬ್ಯಾಂಕು ಮುಳುಗ್ತಿದೆಯಾ?"

ಯೂಸ್ಟಿನ್ ಬಾಗಿಲು ಮುಚ್ಚಿದ. "ಮಾಲೀಕ ತನ್ನ ಕಂಪನಿಗಳಿಗೇ ಸಾಲ ಬರೆಸ್ಕೊಂಡ. ಈ ಶುಕ್ರವಾರಕ್ಕೆ ಬಾಗಿಲು ಮುಚ್ಚುತ್ತೆ. ಮುಚ್ಚಿದ್ರೆ ಸರ್ಕಾರ ಖಾತರಿಯಾಗಿ ಕೊಡೋದು ಆಳಿಗೆ ಆರು ಸಾವಿರ ಅಷ್ಟೆ."

"ತಪಾಸಣೆಗೆ ಯಾರೂ ಬರಲ್ವಾ?"

"ಬರ್ತಾರೆ. ಕಾಗದ ನೋಡ್ತಾರೆ. ಕಾಗದ ಎಲ್ಲಾ ಸರಿಯಾಗೇ ಇದೆ."

"ಅದಕ್ಕೂ ದೂರು ಕೊಡಿ."

"ಯಾರ ಮೇಲೆ ಸಾಹೇಬ್ರೆ? ಅವನ ಹೆಸರು ಎಲ್ಲೂ ಇಲ್ಲ. ಕಂಪನಿಗಳೆಲ್ಲ ಯಾವುದೋ ದ್ವೀಪದವಂತೆ."

ಸಂಜೆ ೪.೧೦ಕ್ಕೆ ಅಗ್ರಿಪಿನಾಳ ಮನೆ ತಲುಪಿದರು. ಐವತ್ತರ ಹೆಂಗಸು, ಕೋಟು ತೊಟ್ಟು ಕುರ್ಚಿಯಲ್ಲಿ ಕಾಯುತ್ತಿದ್ದಳು.

"ನೀವೆಷ್ಟು ಇಟ್ಕೊಂಡ್ರಿ ಅಕ್ಕಾ?" ರೋಟಾರು ಕೇಳಿದ.

"ನನ್ನ ಎಂಬತ್ತು ಸಾವಿರಾನೂ ಅದೇ ಬ್ಯಾಂಕಲ್ಲಿದೆ. ಮುಟ್ಟಲಿಲ್ಲ. ಹಂಚಿದ್ದರ ರಸೀದಿಗಳನ್ನೂ ಭಾನುವಾರ ಹೋಗಿ ತಿಜೋರೀಲಿಟ್ಟೆ."

"ಖಾತೆ ಇರೋರು ಒಂಬೈನೂರು ಜನ. ಉಳಿದೋರ ಪಾಡು?"

ಆಕೆ ಕೋಟಿನ ಗುಂಡಿ ಹಾಕಿಕೊಂಡಳು. "ತಿಜೋರೀಲಿ ಇದ್ದಿದ್ದೇ ಅಷ್ಟು. ಎಪ್ಪತ್ತು ದಾಟಿದೋರನ್ನ ಆರಿಸ್ದೆ. ಅರವತ್ತೊಂಬತ್ತರೋರ ಮುಖ ಕಣ್ಮುಂದೆ ಬರ್ತಾ ಇದೆ."

ಆಕೆಯನ್ನು ಬಂಧಿಸಿದರು. ಮುಂದಿನ ಎರಡು ದಿನ ಪೊಲೀಸರು ಮನೆಮನೆಗೆ ಹೋಗಿ ಪಂಚನಾಮೆ ಬರೆದು ಹಣ ವಶಪಡಿಸಿಕೊಂಡರು. ಪಾವೆಲ್ ತಲೆ ಎತ್ತಲಿಲ್ಲ. ವೆರೊನಿಯಾ ದಿಂಬಿನ ಚೀಲದಿಂದ ಕಟ್ಟು ತೆಗೆದುಕೊಟ್ಟು, "ನೀನೇನ್ಮಾಡ್ತೀಯ ಮಗಾ," ಅಂದಳು.

ಗುರುವಾರ ನ್ಯಾಯಾಲಯದ ಆದೇಶದಂತೆ ಹಣ ಬ್ಯಾಂಕಿಗೆ ಮರಳಿತು. ಅದೇ ಮಧ್ಯಾಹ್ನ ಮಾಲೀಕನ ಇನ್ನೊಂದು ಕಂಪನಿಗೆ ಸಾಲವಾಗಿ ಹೋಯಿತು. ಕಾಗದಗಳು ಸರಿಯಾಗಿದ್ದವು. ಶುಕ್ರವಾರ ಬ್ಯಾಂಕಿನ ಬಾಗಿಲು ತೆರೆಯಲಿಲ್ಲ.

ಅಗ್ರಿಪಿನಾ ಹೇಳಿಕೆಯ ಕೊನೆಗೆ ಹೀಗೆ ಬರೆಸಿದ್ದಳು: ೧೯೯೨ರಲ್ಲಿ, ಹಳೆಯ ದೇಶ ಒಡೆದು ಜನರ ಉಳಿತಾಯವೆಲ್ಲ ಕರಗಿಹೋದಾಗ, ಆಕೆ ಸರ್ಕಾರಿ ಉಳಿತಾಯ ಬ್ಯಾಂಕಿನ ಕೌಂಟರಿನಲ್ಲಿದ್ದಳು. ಮೂರು ತಿಂಗಳ ಕಾಲ ತಮ್ಮ ಹಣ ಕೇಳಿ ಬಂದವರಿಗೆಲ್ಲ "ನಾಳೆ ಬನ್ನಿ" ಅಂದಳು. ಸಾಲಿನಲ್ಲಿ ನಿಂತ ತನ್ನ ಅಪ್ಪನಿಗೂ ಅದನ್ನೇ ಅಂದಳು. ಆತ ಟೋಪಿ ತೆಗೆದು, ಅಪರಿಚಿತಳಿಗೆ ಹೇಳುವಂತೆ "ಆಗಲಮ್ಮ" ಎಂದು ಹೊರಟುಹೋಗಿದ್ದ.