ಹನೂರಿನ ಅಕ್ಟೋಬರ್ ಮಳೆ

"ನೀವು ಮಳೆ ಅಳೀತೀರೋ, ಇಲ್ಲಾ ಕೂತಲ್ಲೇ ಬರ್ದು ಕಳಿಸ್ತೀರೋ?"

ಹನೂರಿನಲ್ಲಿ ಮಳೆ ಅಳೆಯುವ ಜಡೇಸ್ವಾಮಿಗೆ ರೋಜಾ ಆಡಿದ ಮೊದಲ ಮಾತು ಅದು. ಅದೂ ಫೋನಿನಲ್ಲಿ.

ಆ ಕಡೆಯಿಂದ ತಗ್ಗಿದ ದನಿಯೊಂದು, "ನೀವೇ ಬಂದು ನೋಡಿ ಮೇಡಂ. ಬೆಳಿಗ್ಗೆ ಎಂಟೂವರೆಗೆ" ಎಂದಿತು. ಫೋನ್ ಕಟ್ಟಾಯಿತು.

ರೋಜಾ ಕೊಳ್ಳೇಗಾಲದ ನೇಕಾರರ ಮನೆಯ ಹುಡುಗಿ. ಪಕ್ಕದ ಕೋಣೆಯಲ್ಲಿ ಅಪ್ಪನ ಮಗ್ಗ ಲಟಪಟ ಎನ್ನುತ್ತಿದ್ದರೆ, ಇವಳು ಲ್ಯಾಪ್‌ಟಾಪಿನಲ್ಲಿ ಮೂರು ತಾಲ್ಲೂಕುಗಳ ಆರು ವರ್ಷದ ಮಳೆಯನ್ನು 'ಆರ್' ಎಂಬ ಸಾಫ್ಟ್‌ವೇರಿಗೆ ಊಡಿಸುತ್ತಿದ್ದಳು. ಮಳೆಗಾಲ ವರ್ಷದಿಂದ ವರ್ಷಕ್ಕೆ ಹಿಂದೆಮುಂದೆ ಸರಿಯುತ್ತಿದೆಯೇ ಎಂಬುದು ಪ್ರಾಜೆಕ್ಟಿನ ಪ್ರಶ್ನೆ. ಕೊಳ್ಳೇಗಾಲ, ಯಳಂದೂರಿನ ಲೆಕ್ಕ ಸರಿಯಿತ್ತು. ಹನೂರಿನದು ಮಾತ್ರ ವಿಚಿತ್ರ. ಜನವರಿಯಲ್ಲಿ ಜಡಿಮಳೆ, ಪ್ರತಿ ತಿಂಗಳೂ ಹನ್ನೆರಡನೇ ತಾರೀಕಿನ ನಂತರ ಖಾಲಿ. ಅಲ್ಲಿ ಮಳೆ ಅಳೆಯುವವನು ಸೋಮಾರಿ, ಮೇಲಾಗಿ ಸುಳ್ಳುಗಾರ ಎಂದು ತೀರ್ಮಾನಿಸಿ ಗೈಡ್ ದೇವರಾಜ್ ಅವರಿಗೆ ಮೇಲ್ ಹಾಕಿಬಿಟ್ಟಿದ್ದಳು. ಸೋಮವಾರದ ಮೀಟಿಂಗಿನಲ್ಲಿ ಹನೂರನ್ನು ಪಟ್ಟಿಯಿಂದಲೇ ತೆಗೆಯೋಣ ಎಂದು ಅವರು ಉತ್ತರಿಸಿದ್ದರು.

ಮರುದಿನ ಮೊದಲ ಬಸ್ಸಿಗೆ ಹನೂರು ತಲುಪಿದಳು.

ಆತ ಬೇಲಿ ಹಾಕಿದ ಪುಟ್ಟ ಅಂಗಳದಲ್ಲಿ ಮಳೆಮಾಪಕದ ಮುಂದೆ ಮಂಡಿಯೂರಿದ್ದ. ಮೂವತ್ತರ ಆಸುಪಾಸು, ಮಾಸಿದ ನೀಲಿ ಶರ್ಟು. ಇವಳು ಕೆಮ್ಮಿದರೂ ತಿರುಗಲಿಲ್ಲ. ಮೊಬೈಲಿನಲ್ಲಿ ಎಂಟೂವರೆ ಆಗುವವರೆಗೆ ಕಾದು, ಅಳತೆಯ ಗಾಜನ್ನು ಕಣ್ಣಿನ ನೇರಕ್ಕೆ ಹಿಡಿದು, ಉಸಿರು ಬಿಗಿಹಿಡಿದು ನೋಡಿದ. ನೋಡುತ್ತಾ ನಿಂತ ರೋಜಾ ತಾನೂ ಉಸಿರು ಹಿಡಿದಿದ್ದೇನೆಂದು ತಡವಾಗಿ ಗಮನಿಸಿದಳು.

"ನಾಕು ಪಾಯಿಂಟ್ ಎರಡು. ನೆನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಗಂಟ" ಎಂದ. ಎದ್ದು ರಿಜಿಸ್ಟರನ್ನು ಅವಳ ಕೈಗಿತ್ತ. "ನೋಡಿ ಈಗ."

ಅವಳು ಪುಟ ತಿರುವಿದಳು. ಹನ್ನೆರಡರ ನಂತರವೂ ಒಂದು ದಿನ ಖಾಲಿ ಇಲ್ಲ. ಜನವರಿ ಹತ್ತರಂದು ಸೊನ್ನೆ. ಅವಳ ಕಂಪ್ಯೂಟರಿನಲ್ಲಿ ಅದೇ ದಿನ ಅರವತ್ತೆರಡು ಮಿಲಿಮೀಟರ್! ಅರವತ್ತೆರಡು ಎಲ್ಲಿದೆ ಎಂದು ಹುಡುಕುತ್ತಾ ಹೋದವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. 01/10. ಅಕ್ಟೋಬರ್ ಒಂದು.

ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಜಡೇಸ್ವಾಮಿ ಎಲ್ಲರಂತೆ ಮೊದಲು ದಿನ, ಆಮೇಲೆ ತಿಂಗಳು ಟೈಪ್ ಮಾಡಿದ್ದ. ಇವಳು ಹನೂರಿನ ಫೈಲಿಗೆ ಮಾತ್ರ ಸಾಫ್ಟ್‌ವೇರಿಗೆ ಮೊದಲು ತಿಂಗಳು ಎಂದು ಹೇಳಿಬಿಟ್ಟಿದ್ದಳು. ಹನ್ನೆರಡರವರೆಗಿನ ದಿನಗಳು ತಿಂಗಳುಗಳಾಗಿ ಅದಲುಬದಲಾಗಿದ್ದವು. ಹದಿಮೂರನೇ ತಿಂಗಳು ಎಂಬುದಿಲ್ಲವಲ್ಲ, ಉಳಿದ ದಿನಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಒಂದೇ ಸಾಲು ತಿದ್ದಿದಳು. ಜನವರಿ ಒಣಗಿತು, ಅಕ್ಟೋಬರ್ ತುಂಬಿಕೊಂಡಿತು.

"ತಪ್ಪು ನಂದೇ" ಎಂದಳು, ತಲೆ ಎತ್ತದೆ.

"ಆರು ವರ್ಸದಲ್ಲಿ ಒಂದಿನಾನೂ ತಪ್ಪಿಸಿಲ್ಲ ಕಣ್ರಿ. ಜ್ವರ ಬಂದಾಗ್ಲೂ ಎದ್ ಬಂದಿವ್ನಿ. ನೀವು ಒಂದೇ ಮಾತ್ಗೆ ಸುಳ್ಳು ಅಂದ್ಬಿಟ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಅದೇ ಅವಳನ್ನು ಚುಚ್ಚಿತು. ಅಲ್ಲೇ ದೇವರಾಜ್ ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. "ಸಾರ್, ಹನೂರಿನ ಡೇಟಾ ಸರಿಯಾಗಿದೆ. ನಾನು ತಾರೀಕು ಓದಿದ್ದು ತಪ್ಪು."

"ಎಲ್ಲರಿಗೂ ನಿನ್ನ ಆ ಮೇಲ್ ಕಳಿಸಿಬಿಟ್ಟಿದ್ದೀನಲ್ಲಮ್ಮ! ಮೀಟಿಂಗಲ್ಲಿ ನೀನೇ ಎದ್ದು ನಿಂತು ಹೇಳಬೇಕಾಗುತ್ತೆ."

"ಹೇಳ್ತೀನಿ ಸಾರ್."

ಜಡೇಸ್ವಾಮಿ ಅವಳನ್ನೇ ನೋಡಿದ. ಅವಳ ಕಿವಿ ಕೆಂಪಾಯಿತು.

ಸೋಮವಾರ ಹೇಳಿದಳು, ಹದಿನೈದು ಜನರ ಮುಂದೆ. ಹನೂರು ಉಳಿಯಿತು. ಅಂದಿನಿಂದ ದಿನವೂ ಎಂಟು ಮೂವತ್ತೈದಕ್ಕೆ ಅವಳ ಮೊಬೈಲಿಗೆ ಒಂದು ಸಂಖ್ಯೆ ಬರತೊಡಗಿತು. ಬರೀ ಸಂಖ್ಯೆ. ಮಳೆಯಿಲ್ಲದ ದಿನ ಸೊನ್ನೆ. ಅದಕ್ಕಾಗಿ ಅವಳು ಎಂಟಕ್ಕೇ ಚಡಪಡಿಸಲು ಶುರುಮಾಡುತ್ತಿದ್ದಳು. ಒಂದು ಸಂಜೆ ತಡೆಯಲಾರದೆ ಫೋನ್ ಮಾಡಿದಳು.

"ಯಳಂದೂರಿನ ಆಟೊಮ್ಯಾಟಿಕ್ ಮಿಷನ್ನು ಯುಟಿಸಿ ಅನ್ನೋ ಅಂತರರಾಷ್ಟ್ರೀಯ ಟೈಮಲ್ಲಿ ಬರಿಯುತ್ತೆ. ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ಮೂರು ಗಂಟೆ ಅಂದ್ರೆ ನಿಮ್ಮ ಎಂಟೂವರೆ, ಅಲ್ವಾ?"

"ಮೂರ್ಕೆ ಐದೂವರೆ ಕೂಡೋಕೆ ನನ್ನ ಯಾಕ್ ಕೇಳೀರಿ ಮೇಡಂ?"

ಇಬ್ಬರೂ ನಕ್ಕರು. ಆದರೆ ಕೇಳಬೇಕಾದ್ದನ್ನು ಇಬ್ಬರೂ ಕೇಳಲಿಲ್ಲ.

ಒಂದು ಬುಧವಾರ ಸಂಖ್ಯೆ ಬರಲಿಲ್ಲ. ಗುರುವಾರವೂ ಇಲ್ಲ. ಫೋನ್ ಸ್ವಿಚ್ ಆಫ್. ರೋಜಾ ಕೋಡ್ ಬರೆಯಲು ಕೂತು ಎದ್ದಳು, ಎದ್ದು ಕೂತಳು. "ಏನಾಗದೆ ನಿಂಗೆ?" ಎಂದು ಅಪ್ಪ ಮಗ್ಗ ನಿಲ್ಲಿಸಿ ಕೇಳಿದರು. ಶುಕ್ರವಾರ ಅವಳು ಹನೂರಿನ ಬಸ್ಸಿನಲ್ಲಿದ್ದಳು.

ಅಂಗಳದಲ್ಲಿ ಅವನ ಅವ್ವ ಚಿಕ್ಕಬಸಮ್ಮ ಗಾಜು ತೊಳೆಯುತ್ತಿದ್ದರು.

"ಗೋಪಿನಾಥಂ ಊರ್ಗೆ ಓಗವ್ನೆ ಕಣವ್ವ, ಅಲ್ಲೂ ಮಳೆ ಅಳಿಯೋ ಡಬ್ಬಿ ಕೂರ್ಸೋಕೆ. ಅಲ್ಲಿ ಫೋನೂ ಇಲ್ಲ, ಬಸ್ಸೂ ಕಮ್ಮಿ. ಈಗ ಬಂದಾನು." ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ನೀನೇನಾ ನನ್ ಮಗನ್ನ ಸುಳ್ಗಾರ ಅಂದೋಳು?"

"ಹೂಂ" ಎಂದಳು ರೋಜಾ, ನೆಲ ನೋಡುತ್ತಾ.

"ಅದ್ಕೇ ದಿನಾ ನಿನ್ ಮಾತೇ ಆಡ್ತನೆ" ಎಂದು ಮುದುಕಿ ನಕ್ಕರು. "ಓಗು, ಬಸ್‌ಸ್ಟ್ಯಾಂಡಲ್ಲಿ ಸಿಕ್ತನೆ."

ಬಸ್ಸಿನಿಂದ ಜಡೇಸ್ವಾಮಿ ಇಳಿದಾಗ ತಲೆತುಂಬ ಧೂಳು, ಮೂರು ದಿನದ ಗಡ್ಡ. ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟ.

"ಅವ್ವಂಗೆ ಬರೆದಿಡು ಅಂದಿದ್ದೆ ಕಣ್ರಿ. ಮಳೆ ಲೆಕ್ಕ ಎಲ್ಲಾ ಅದೆ..."

"ಮಳೆ ಕೇಳೋಕೆ ಬಂದಿಲ್ಲ ನಾನು."

"ಮತ್ತೆ?"

"ನೀವು ಕಾಣ್ಸಲಿಲ್ಲ. ಮೂರು ದಿನದಿಂದ ನಂಗೆ ಅನ್ನ ಸೇರ್ತಿಲ್ಲ." ಹೇಳಿಬಿಟ್ಟ ಮೇಲೆ ಅವಳಿಗೆ ಎದೆ ಹಗುರಾಯಿತು. "ನೀವು ಬೇಕು ಅನ್ನಿಸ್ತದೆ. ಇಷ್ಟೇ."

ಜಡೇಸ್ವಾಮಿ ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಮತ್ತೆ ಬದಲಿಸಿದ. "ಅಲ್ಲಿ ದಿನಾ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದೆ. ಸಿಕ್ಕಿದ್ರೆ ಇದ್ನೇ ಹೇಳ್ಬೇಕು ಅಂತಿದ್ದೆ. ನೀವೇ ಮೊದ್ಲು ಹೇಳ್ಬುಟ್ರಿ." ಒಂದು ಗಳಿಗೆ ತಡೆದು, "ನಾವು ಒಕ್ಕಲುಮಕ್ಕಳು, ನೀವು ನೇಕಾರ್ರು. ನಿಮ್ಮಪ್ಪ ಒಪ್ತಾರಾ?" ಎಂದ.

"ಗೊತ್ತಿಲ್ಲ. ಕೇಳಿದ್ರೆ ತಾನೇ ಗೊತ್ತಾಗೋದು?"

ಕೊಳ್ಳೇಗಾಲದ ಬಸ್ಸು ಹೊರಡಲು ಕಂಡಕ್ಟರ್ ಸಿಳ್ಳೆ ಹಾಕಿದ. ರೋಜಾ ಹತ್ತಿ ಕಿಟಕಿ ಪಕ್ಕ ಕೂತಳು. ಕೆಳಗೆ ನಿಂತವನು ಧೂಳು ತುಂಬಿದ ತಲೆಯನ್ನು ಒಮ್ಮೆ ಕೊಡವಿಕೊಂಡು, ಚಲಿಸತೊಡಗಿದ ಬಸ್ಸನ್ನು ಓಡಿ ಹತ್ತಿದ. ಅವಳ ಪಕ್ಕ ಧೊಪ್ಪೆಂದು ಕೂತು, ಏದುಸಿರಿನಲ್ಲೇ ಕಂಡಕ್ಟರಿಗೆ ಹೇಳಿದ:

"ಕೊಳ್ಳೇಗಾಲ. ಎರಡು ಕೊಡಿ ಸಾ."